ಒಂದೇ ರಾತ್ರಿಯ ಹಿಮ, ಮೂರು ಕುಂಡಗಳು: ನೀಲಗಿರಿಯ ಕ್ಯಾಕ್ಟಸ್ ಜೆರೇನಿಯಂ ಕುರಿತು ಒಂದು ಪ್ರಕರಣ ಅಧ್ಯಯನ

ನೀಲಗಿರಿ ಜಿಲ್ಲೆಯಲ್ಲಿ ಈಶಾನ್ಯ ಮಾರುತದ ಮಳೆ ನಿಂತು ಆಕಾಶ ತಿಳಿಯಾದ ಮೇಲೆ, ಸುಮಾರಾಗಿ ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ, ಹಿಮ ಬೀಳುವ ರಾತ್ರಿಗಳು ಬರುತ್ತವೆ. ಊಟಿಯಿಂದ ತಲೈಕುಂದ ದಾಟಿ, ಕಲ್ಹಟ್ಟಿ ಘಾಟಿಯ ಮೂಲಕ ಮಸಿನಗುಡಿಯತ್ತ ಇಳಿಯುವ ದಾರಿಯಲ್ಲಿ ಆ ದಿನಗಳ ಮುಂಜಾನೆ ಪ್ರಯಾಣ ಮಾಡಿದವರು ತಗ್ಗಿನ ಹುಲ್ಲುಗಾವಲುಗಳು ಬೆಳ್ಳಗಾಗಿರುವುದನ್ನು ನೋಡಿಯೇ ಇರುತ್ತಾರೆ. ಆ ಭಾಗದ ಒಂದು ಕಣಿವೆಯಲ್ಲಿ ನನ್ನ ಅಕ್ಕ ಮತ್ತು ಭಾವ ತರಕಾರಿ ಬೆಳೆಯುತ್ತಾರೆ. ಭಾವನ ಹಿರಿಯರು ಗುಂಡ್ಲುಪೇಟೆ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ಮನೆಯ ಮಾತು ಇಂದಿಗೂ ಕನ್ನಡವೇ. ಅವರ ಮನೆಯಲ್ಲಿ ಒಂದೇ ತಾಯಿಗಿಡದ ಕಡ್ಡಿಗಳಿಂದ ಬೆಳೆಸಿದ ಮೂರು ಕ್ಯಾಕ್ಟಸ್ ಜೆರೇನಿಯಂ ಗಿಡಗಳು ಮೂರು ಬೇರೆ ಬೇರೆ ಜಾಗಗಳಲ್ಲಿದ್ದವು. ಡಿಸೆಂಬರಿನ ಒಂದು ರಾತ್ರಿ ಬಿದ್ದ ಹಿಮ ಅವುಗಳಲ್ಲಿ ಒಂದನ್ನು ಸಾವಿನಂಚಿಗೆ ಒಯ್ದಿತು, ಇನ್ನೊಂದರ ಕೆಲವು ಎಲೆಗಳನ್ನಷ್ಟೇ ಸುಟ್ಟಿತು, ಮೂರನೆಯದನ್ನು ಮುಟ್ಟಲೇ ಇಲ್ಲ. ‘ಈ ಗಿಡ ಎಷ್ಟು ಡಿಗ್ರಿ ಚಳಿ ತಡೆಯುತ್ತದೆ?’ ಎಂಬ ಪ್ರಶ್ನೆಗೆ ಒಂದು ಅಂಕಿಯನ್ನಷ್ಟೇ ಉತ್ತರವಾಗಿ ಕೊಟ್ಟರೆ ಏಕೆ ಸಾಲದು ಎಂಬುದು ಈ ಪ್ರಕರಣದಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ವಿವರವಾಗಿ ಬರೆದಿಡಬೇಕೆನಿಸಿದ್ದು ಆ ಕಾರಣಕ್ಕೆ.

ಮೊದಲು ಗಿಡದ ಪರಿಚಯ. ನಮ್ಮ ಮನೆಗಳ ಮುಂದೆ ಜೆರೇನಿಯಂ ಎಂದು ಕುಂಡಗಳಲ್ಲಿ ಬೆಳೆಯುವ ಕೆಂಪು, ಗುಲಾಬಿ ಹೂವಿನ ಗಿಡವೂ, ಸುಗಂಧತೈಲಕ್ಕಾಗಿ ನೀಲಗಿರಿ ಮತ್ತು ಕೊಡೈಕೆನಾಲ್ ಬೆಟ್ಟಗಳಲ್ಲಿ ಬೆಳೆಯುವ ಪರಿಮಳದ ಜೆರೇನಿಯಂ ಕೂಡ ಪೆಲಾರ್ಗೋನಿಯಂ ಕುಲಕ್ಕೆ ಸೇರಿದವು. ಇದೇ ಕುಲದಲ್ಲಿ ಕಾಂಡದಲ್ಲೋ ಬೇರಿನಲ್ಲೋ ನೀರು ತುಂಬಿಕೊಂಡು ಬರಗಾಲವನ್ನು ಕಳೆಯುವ ರಸಭರಿತ ಜಾತಿಗಳು ಹಲವಿವೆ. ಗಂಟುಗಂಟಾಗಿ ಊದಿದ ಕಾಂಡದ ಗಿಬ್ಬೋಸಮ್, ದಪ್ಪ ಕಾಂಡದ ಕಾರ್ನೋಸಮ್ ಆ ಗುಂಪಿನವು. ಇಲ್ಲಿ ಹೇಳುತ್ತಿರುವುದು ಪೆಲಾರ್ಗೋನಿಯಂ ಎಕಿನೇಟಮ್ ಎಂಬ ಜಾತಿಯ ವಿಷಯ. ಇದರ ಎಲೆಯ ಬುಡದ ಉಪಪರ್ಣಗಳು ಎಲೆ ಉದುರಿದ ಮೇಲೂ ಕಾಂಡದಲ್ಲೇ ಉಳಿದು ಮುಳ್ಳಿನಂತೆ ಗಟ್ಟಿಯಾಗುತ್ತವೆ. ಕ್ಯಾಕ್ಟಸ್ ಜೆರೇನಿಯಂ ಎಂದು ಕರೆಯುವುದು ಇದರಿಂದಲೇ. ಬೇರುಗಳು ಗಡ್ಡೆಗಟ್ಟುತ್ತವೆ. ಎಲೆ ಹೃದಯಾಕಾರದ್ದು, ಅಂಚಿನಲ್ಲಿ ಸೀಳು, ಅಡಿಭಾಗದಲ್ಲಿ ಬೂದುಬಿಳಿ ರೋಮ. ಹೂ ಬಿಳಿಯಿಂದ ನೇರಳೆಗೆಂಪಿನವರೆಗೆ ಇರಬಹುದು. ಮೇಲಿನ ಎಸಳುಗಳ ಮೇಲೆ ಗಾಢ ಕೆಂಪಿನ ಮಚ್ಚೆಗಳಿರುತ್ತವೆ.

ಈ ಗಿಡದ ತವರು ದಕ್ಷಿಣ ಆಫ್ರಿಕಾದ ಪಶ್ಚಿಮ ಭಾಗದ ನಮಾಕ್ವಾಲ್ಯಾಂಡ್. ಅಲ್ಲಿ ಮಳೆ ಕಡಿಮೆ, ಬಹುಪಾಲು ಪ್ರದೇಶದಲ್ಲಿ ವರ್ಷಕ್ಕೆ 250 ಮಿಲಿಮೀಟರಿನೊಳಗೆ. ಆ ಅಲ್ಪ ಮಳೆಯೂ ಬರುವುದು ಚಳಿಗಾಲದಲ್ಲಿ. ಆದ್ದರಿಂದ ಗಿಡ ತಂಪು ತಿಂಗಳುಗಳಲ್ಲಿ ಚಿಗುರಿ, ಚಳಿಗಾಲದ ಕೊನೆಗೆ ಹೂಬಿಟ್ಟು, ಬಿಸಿಲು ಏರಿದಂತೆ ಎಲೆ ಉದುರಿಸಿ ಬೇಸಿಗೆಯಿಡೀ ಮಲಗುತ್ತದೆ. ಉತ್ತರಾರ್ಧಗೋಳಕ್ಕೆ ಬಂದಾಗ ಅದು ಇಲ್ಲಿನ ಋತುವಿಗೆ ಹೊಂದಿಕೊಂಡು ಸೆಪ್ಟೆಂಬರ್ ವೇಳೆಗೆ ಎದ್ದು ಏಪ್ರಿಲ್ ವೇಳೆಗೆ ಮಲಗುವ ಅಭ್ಯಾಸ ಮಾಡಿಕೊಳ್ಳುತ್ತದೆ. ನೀಲಗಿರಿಯಲ್ಲಿ ತೊಡಕಾಗುವುದು ಈ ಅಭ್ಯಾಸವೇ. ಗಿಡ ಎಚ್ಚರವಾಗಿ, ಎಳೆಯ ಚಿಗುರು ಹೊತ್ತು, ನೀರು ಕುಡಿಯುತ್ತಿರುವ ತಿಂಗಳುಗಳಲ್ಲೇ ಇಲ್ಲಿ ಹಿಮ ಬೀಳುತ್ತದೆ. ಅದು ಮಲಗಿ ಒಣಗಿರಬೇಕಾದ ಜೂನ್, ಜುಲೈ, ಆಗಸ್ಟ್‌ಗಳಲ್ಲಿ ನೈಋತ್ಯ ಮಾರುತ ಬಿಡದೆ ಸುರಿಯುತ್ತದೆ. ಇಂಗ್ಲೆಂಡಿನಂತಹ ದೇಶದಲ್ಲಿ ರೂಪುಗೊಂಡ ‘ಚಳಿಗಾಲದಲ್ಲಿ ನೀರು ನಿಲ್ಲಿಸಿ, ಒಣಗಿಸಿಡಿ’ ಎಂಬ ಸಲಹೆ ಮಾಮೂಲಿ ಜೆರೇನಿಯಂಗೆ ಸರಿಹೋದರೂ ಈ ಜಾತಿಗೆ ಹೊಂದುವುದಿಲ್ಲ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಊಟಿಯಲ್ಲಿ ಅದೇ ದಿನ ಹನ್ನೊಂದೂವರೆ ಗಂಟೆ ಬೆಳಕಿರುತ್ತದೆ. ಅಷ್ಟು ಬೆಳಕಿನಲ್ಲಿ ಬೆಳೆಯುತ್ತಿರುವ ಗಿಡವನ್ನು ಪೂರ್ತಿ ಒಣಗಿಸಿದರೆ ಅದರ ವರ್ಷದ ಬೆಳವಣಿಗೆಯೇ ನಿಂತುಹೋಗುತ್ತದೆ.

ಮೂರು ಕುಂಡಗಳೂ ಮಣ್ಣಿನವು, ಆರು ಇಂಚಿನವು. ಮೊದಲನೆಯದು ಮನೆಯ ಕೆಳಗೆ ಕ್ಯಾರೆಟ್ ಪಾತಿಗಳ ಅಂಚಿನಲ್ಲಿದ್ದ ಮೋಟುಗೋಡೆಯ ಮೇಲಿತ್ತು. ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದು ಅಕ್ಕ ಅದನ್ನು ಅಲ್ಲಿಟ್ಟಿದ್ದರು. ನವೆಂಬರಿನಲ್ಲಿ ಮೂರರಲ್ಲಿ ಅತಿ ಹುಲುಸಾಗಿದ್ದದ್ದು ಅದೇ. ಪಾತಿಗೆ ಹಾಕಿದ ಕೊಟ್ಟಿಗೆ ಗೊಬ್ಬರದ ಪಾಲು ಅದಕ್ಕೂ ಸಿಕ್ಕಿತ್ತು. ಎರಡನೆಯದು ದಕ್ಷಿಣಕ್ಕೆ ಮುಖ ಮಾಡಿದ ಜಗಲಿಯಲ್ಲಿ, ಹೆಂಚಿನ ಸೂರಿನ ಕೆಳಗೆ, ಗೋಡೆಯಿಂದ ಒಂದು ಗೇಣು ದೂರದಲ್ಲಿತ್ತು. ಮೂರನೆಯದು ಅಡುಗೆಮನೆಯ ಉತ್ತರದ ಕಿಟಕಿಯ ಒಳಗಡೆ ಇತ್ತು.

ಆ ದಿನ ಸಂಜೆ ಮೋಡವಿರಲಿಲ್ಲ, ಗಾಳಿ ಪೂರ್ತಿ ನಿಂತಿತ್ತು. ಭಾವ ಅನುಭವಸ್ಥರು, ಹಿಮ ಬೀಳುತ್ತದೆಂದು ತಿಳಿದು ಸೂರ್ಯ ಇಳಿಯುವ ಮೊದಲೇ ಕ್ಯಾರೆಟ್ ಪಾತಿಗಳಿಗೆ ನೀರು ಕಟ್ಟಿದರು. ಅದೇ ಕೈಯಲ್ಲಿ ಮೋಟುಗೋಡೆಯ ಕುಂಡಕ್ಕೂ ಒಂದು ಚೊಂಬು ನೀರು ಹೋಯಿತು. ಬೆಳಿಗ್ಗೆ ಜಗಲಿಯ ಗೋಡೆಗೆ ತೂಗುಹಾಕಿದ್ದ ಕನಿಷ್ಠ–ಗರಿಷ್ಠ ಉಷ್ಣಮಾಪಕ ರಾತ್ರಿಯ ಕನಿಷ್ಠವನ್ನು 4 ಡಿಗ್ರಿ ಸೆಲ್ಸಿಯಸ್ ಎಂದು ತೋರಿಸಿತು. ಆದರೆ ಇಳಿಜಾರಿನ ಕೆಳಗೆ ಪಾತಿಯ ಅಂಚಿನ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿತ್ತು. ಮೋಟುಗೋಡೆಯ ಗಿಡದ ಎಲೆಗಳು ಗಾಜಿನಂತೆ ಬಿರುಸಾಗಿದ್ದವು. ಬಿಸಿಲು ತಾಗಿದ ಒಂದು ಗಂಟೆಯೊಳಗೆ ಅವು ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿ ಜೋತುಬಿದ್ದವು. ಮಧ್ಯಾಹ್ನದ ಹೊತ್ತಿಗೆ ಕಾಂಡದ ಮೇಲ್ಭಾಗ ಕಪ್ಪಾಗಿ, ಮುಟ್ಟಿದರೆ ನೀರು ಒಸರುವಂತಾಯಿತು. ಜಗಲಿಯ ಗಿಡದಲ್ಲಿ ಸೂರಿನಿಂದ ಹೊರಕ್ಕೆ ಚಾಚಿದ್ದ ಒಂದು ಕೊಂಬೆಯ ತುದಿಯ ಎಲೆಗಳ ಅಂಚು ಮಾತ್ರ ಕಂದಿತು. ಅಡುಗೆಮನೆಯ ಗಿಡ ಹಿಂದಿನ ದಿನ ಇದ್ದಂತೆಯೇ ಇತ್ತು.

ಒಂದೇ ಮನೆಯಲ್ಲಿ, ಕೆಲವೇ ಮಾರು ದೂರದಲ್ಲಿ ಇಷ್ಟು ಅಂತರ ಏಕೆ? ನೀಲಗಿರಿಯ ಹಿಮ ಎಲ್ಲಿಂದಲೋ ಬೀಸಿಬರುವ ಶೀತಗಾಳಿಯಿಂದ ಆಗುವಂಥದ್ದಲ್ಲ. ನೆಲ, ಎಲೆ, ಕಲ್ಲುಗಳು ತಮ್ಮ ಬಿಸಿಯನ್ನು ರಾತ್ರಿಯಿಡೀ ಆಕಾಶಕ್ಕೆ ಸೂಸಿ ತಣ್ಣಗಾಗುವುದರಿಂದ ಆಗುವಂಥದ್ದು. ಮೋಡವಿಲ್ಲದ ಒಣ ರಾತ್ರಿಯ ಆಕಾಶ ಸುತ್ತಲಿನ ಗಾಳಿಗಿಂತ ಹದಿನೈದು ಇಪ್ಪತ್ತು ಡಿಗ್ರಿ ತಣ್ಣಗಿರುವ ಚಾವಣಿಯಂತೆ ವರ್ತಿಸುತ್ತದೆ. ಅದಕ್ಕೆ ನೇರವಾಗಿ ಮುಖ ಮಾಡಿದ ಎಲೆ ತನ್ನ ಸುತ್ತಲಿನ ಗಾಳಿಗಿಂತಲೂ ಕೆಲವು ಡಿಗ್ರಿ ಕೆಳಗೆ ಇಳಿಯುತ್ತದೆ. ಹವಾಮಾನ ಕೇಂದ್ರದ ಉಷ್ಣಮಾಪಕ ಆಳೆತ್ತರದ ಪೆಟ್ಟಿಗೆಯ ನೆರಳಿನಲ್ಲಿರುತ್ತದೆ. ಅದು 3 ಡಿಗ್ರಿ ತೋರಿಸುವಾಗಲೇ ಹುಲ್ಲಿನ ಮಟ್ಟದಲ್ಲಿ ಸೊನ್ನೆ ದಾಟಿರಬಹುದು. ಇದರ ಮೇಲೆ, ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಊಟಿಯ ರೇಸ್‌ಕೋರ್ಸ್, ಸಸ್ಯೋದ್ಯಾನದ ಹುಲ್ಲುಹಾಸು, ತಲೈಕುಂದದ ಬಯಲು ಮೊದಲು ಬೆಳ್ಳಗಾಗುವುದು, ಅವುಗಳ ಸುತ್ತಲಿನ ಎತ್ತರದ ಮನೆಗಳ ಅಂಗಳ ಉಳಿದುಕೊಳ್ಳುವುದು ಇದರಿಂದಲೇ. ಮೋಟುಗೋಡೆಯ ಕುಂಡಕ್ಕೆ ತೆರೆದ ಆಕಾಶವೂ ತಗ್ಗಿನ ಗಾಳಿಯೂ ಒಟ್ಟಿಗೆ ಸಿಕ್ಕಿದವು. ಜಗಲಿಯ ಗಿಡದ ಎಲೆಗಳು ಎದುರಿಸಿದ್ದು ಆಕಾಶವನ್ನಲ್ಲ, ಹೆಂಚಿನ ಸೂರನ್ನು. ಹೆಂಚು ಎಷ್ಟೇ ತಣ್ಣಗಾದರೂ ಆಕಾಶದಷ್ಟು ತಣ್ಣಗಾಗದು, ಮೇಲಾಗಿ ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ ಸ್ವಲ್ಪ ಬಿಸಿಯನ್ನು ಹಿಂದಿರುಗಿಸುತ್ತಿತ್ತು. ಸೂರಿನಾಚೆ ಚಾಚಿದ್ದ ಆ ಒಂದು ಕೊಂಬೆಯ ತುದಿಗೆ ಮಾತ್ರ ಈ ರಕ್ಷಣೆ ದೊರೆಯಲಿಲ್ಲ. ಬೇಲಿಯಂತಹ ಗೋಡೆಗಳಿಲ್ಲದ, ಬರಿಯ ಚಪ್ಪರದ ನೆರಳು ಕೂಡ ಹಿಮದಿಂದ ಕಾಯುತ್ತದೆ ಎಂಬ ಮಾತನ್ನು ನಂಬದವರಿಗೆ ಆ ಕೊಂಬೆಯನ್ನು ತೋರಿಸಬಹುದಿತ್ತು.

ನೀರಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ‘ಪಾತಿಗೆ ನೀರು ಕಟ್ಟಿದರೆ ಹಿಮ ತಡೆಯುತ್ತೆ, ನಮ್ಮ ಅಪ್ಪನ ಕಾಲದಿಂದ ಮಾಡ್ತಿದ್ದೀವಿ. ಕುಂಡಕ್ಕೆ ಹಾಕಿದರೆ ಮಾತ್ರ ಯಾಕೆ ತಪ್ಪಾಗುತ್ತೆ?’ ಎಂದು ಭಾವ ಕೇಳಿದರು. ಅವರ ಮಾತಿನ ಮೊದಲ ಭಾಗ ಪೂರ್ತಿ ಸರಿ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ. ಆಳದ ಬಿಸಿಯನ್ನು ಮೇಲ್ಮೈಗೆ ಬೇಗ ಸಾಗಿಸುತ್ತದೆ. ಹೊಲದಲ್ಲಿ ಆ ಬಿಸಿಯ ದಾಸ್ತಾನು ಅಡಿಗಟ್ಟಲೆ ಆಳಕ್ಕಿದೆ. ಕುಂಡಕ್ಕೆ ಅಂತಹ ಆಳವಿಲ್ಲ. ನಾಲ್ಕು ಕಡೆಯಿಂದಲೂ ಬಿಸಿ ಸೋರುವ ಒಂದಷ್ಟು ಮಣ್ಣು ಅದು. ಮಧ್ಯರಾತ್ರಿಯೊಳಗೆ ಅದರ ದಾಸ್ತಾನು ಮುಗಿದಿರುತ್ತದೆ. ಅದರ ಮೇಲೆ ಒದ್ದೆಯಾದ ಮಣ್ಣಿನ ಕುಂಡ ಒಣಗಾಳಿಯಲ್ಲಿ ಹೂಜಿಯಂತೆ ಕೆಲಸ ಮಾಡಿ, ಮೈಯಿಂದ ನೀರು ಆರುವಾಗ ಒಳಗಿನ ಬೇರನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾರೆಟ್ಟಿಗೂ ಈ ಗಿಡಕ್ಕೂ ಮೈಕಟ್ಟೇ ಬೇರೆ. ಕ್ಯಾರೆಟ್ ತಂಪಿಗೆ ಒಗ್ಗಿದ ಬೆಳೆ, ಲಘುವಾದ ಹಿಮವನ್ನು ತಾಳಬಲ್ಲದು. ರಸಭರಿತ ಕಾಂಡಕ್ಕೆ ಸಂಜೆಯ ನೀರು ಎಂದರೆ ಹೆಪ್ಪುಗಟ್ಟಲು ಒದಗಿಸಿದ ಸಾಮಗ್ರಿ. ಹೊಲದ ಅನುಭವ ಹೊಲದಲ್ಲಿ ನಿಜವೇ. ಅದನ್ನು ಕುಂಡಕ್ಕೆ ತಂದಾಗ ಅದರ ಹಿಂದಿನ ಕಾರಣ ಜೊತೆಗೆ ಬರುವುದಿಲ್ಲ.

ಹೆಪ್ಪುಗಟ್ಟುವಾಗ ಗಿಡದೊಳಗೆ ನಡೆಯುವುದನ್ನು ತಿಳಿದರೆ ಮುಂದಿನ ಚಿಕಿತ್ಸೆಯ ಕ್ರಮ ಅರ್ಥವಾಗುತ್ತದೆ. ಮಂಜುಗಡ್ಡೆಯ ಹರಳು ಮೊದಲು ಹುಟ್ಟುವುದು ಜೀವಕೋಶದ ಒಳಗಲ್ಲ, ಕೋಶಗಳ ನಡುವಿನ ಸಂದುಗಳಲ್ಲಿ. ಆ ಹರಳು ಕೋಶದೊಳಗಿನ ನೀರನ್ನು ಹೊರಕ್ಕೆಳೆಯುತ್ತಾ ಬೆಳೆಯುತ್ತದೆ. ಕೋಶ ಒಣಗಿ ಸುಕ್ಕುಗಟ್ಟುತ್ತದೆ, ಅದರ ಪೊರೆ ಹಾಳಾಗುತ್ತದೆ. ಉಷ್ಣತೆ ಇನ್ನೂ ವೇಗವಾಗಿ ಇಳಿದರೆ ಕೋಶದೊಳಗೇ ಹರಳು ಕಟ್ಟುತ್ತದೆ, ಆಗ ಆ ಕೋಶ ಬದುಕುವುದಿಲ್ಲ. ದಿನಗಳೆದಂತೆ ನಿಧಾನವಾಗಿ ತಂಪಿಗೆ ಒಗ್ಗಿದ ಗಿಡ ಕೋಶರಸದಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಂಡು ಸ್ವಲ್ಪ ತಡೆಯುವ ಶಕ್ತಿ ಪಡೆಯುತ್ತದೆ. ಆದರೆ ಗೊಬ್ಬರ ಮತ್ತು ನೀರು ಧಾರಾಳವಾಗಿ ಸಿಕ್ಕಿ ಕೊಬ್ಬಿದ ಚಿಗುರಿಗೆ ಆ ಶಕ್ತಿ ಬಹಳ ಕಡಿಮೆ. ಮೋಟುಗೋಡೆಯ ಗಿಡದ ಹುಲುಸೇ ಅದಕ್ಕೆ ಮುಳುವಾಯಿತು ಎನ್ನಬಹುದು. ಈ ಜಾತಿಯನ್ನು ಸಾಮಾನ್ಯವಾಗಿ 5 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕೆಂದು ಬೆಳೆಗಾರರು ಹೇಳುತ್ತಾರೆ. ಅದು ಒಳ್ಳೆಯ ಎಚ್ಚರಿಕೆಯ ಗೆರೆ. ಆದರೆ ಬೇರು ಒಣಗಿದ್ದು, ಕಾಂಡ ಗಟ್ಟಿಯಾಗಿದ್ದರೆ ಸೊನ್ನೆಯ ಹತ್ತಿರದ ಕೆಲವು ಗಳಿಗೆಗಳನ್ನು ಎಲೆ ಕಳೆದುಕೊಂಡಾದರೂ ಅದು ದಾಟುತ್ತದೆ. ನೀರು ತುಂಬಿದ್ದರೆ ಅದೇ ಗಳಿಗೆಗಳು ಅದನ್ನು ಕೊಲ್ಲುತ್ತವೆ.

ಹಿಮ ಬಿದ್ದ ಬೆಳಿಗ್ಗೆ ಅಕ್ಕನಿಂದ ಫೋನು ಬಂದಾಗ ಮೊದಲು ಹೇಳಿದ್ದು ಕುಂಡವನ್ನು ಬಿಸಿಲಿನಿಂದ ತೆಗೆದು ಕೊಟ್ಟಿಗೆಯ ನೆರಳಿನಲ್ಲಿಡಿ, ಏನನ್ನೂ ಕತ್ತರಿಸಬೇಡಿ, ನೀರು ಹಾಕಬೇಡಿ ಎಂದು. ಹೆಪ್ಪುಗಟ್ಟಿದ ಭಾಗ ನಿಧಾನವಾಗಿ ಕರಗಿದರೆ ಅರೆಜೀವದ ಕೋಶಗಳಿಗೆ ನೀರನ್ನು ಮರಳಿ ಹೀರಿಕೊಳ್ಳಲು ಅವಕಾಶ ಸಿಗುತ್ತದೆ. ನೀಲಗಿರಿಯಲ್ಲಿ ಹಿಮದ ರಾತ್ರಿಯ ಮರುದಿನ ಹಗಲು 20 ಡಿಗ್ರಿಯ ಹತ್ತಿರ ಏರುತ್ತದೆ. ಪೂರ್ವದ ಬಿಸಿಲಿಗೆ ಸಿಕ್ಕಿದ ಗಿಡ ಈ ಏರಿಳಿತವನ್ನು ಕೆಲವೇ ಗಂಟೆಗಳಲ್ಲಿ ಅನುಭವಿಸುತ್ತದೆ. 1848ರಲ್ಲಿ ಆರಂಭವಾದ ಊಟಿಯ ಸರ್ಕಾರಿ ಸಸ್ಯೋದ್ಯಾನದಲ್ಲಿ ಹಿಮದ ಮುಂಜಾನೆ ಹುಲ್ಲುಹಾಸಿಗೆ ನೀರು ಚಿಮುಕಿಸುವುದನ್ನು ಅಕ್ಕ ನೋಡಿದ್ದರು, ನಾವೂ ಹಾಗೆ ಮಾಡಬಹುದೇ ಎಂದು ಕೇಳಿದರು. ಹುಲ್ಲಿಗೆ ಅದು ಸರಿ. ಎಲೆ ತೆಳು, ಬೇರಿಗೆ ನೀರಿನ ಭಯವಿಲ್ಲ. ಗಾಯಗೊಂಡ ರಸಭರಿತ ಕಾಂಡದ ಮೇಲೆ ನೀರು ನಿಂತರೆ ಕೊಳೆರೋಗಕ್ಕೆ ಬಾಗಿಲು ತೆರೆದಂತೆ.

ಎರಡು ವಾರ ಕಾದ ಮೇಲೆ ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವೆ ಗೆರೆ ಸ್ಪಷ್ಟವಾಯಿತು. ಮೇಲ್ಭಾಗ ಸುಕ್ಕಾಗಿ ಒಣಗಿತ್ತು, ಕೆಳಗಿನ ನಾಲ್ಕು ಬೆರಳಷ್ಟು ಕಾಂಡ ಬಿರುಸಾಗಿತ್ತು. ಕುದಿಯುವ ನೀರಿನಲ್ಲಿ ಅದ್ದಿದ ಚೂರಿಯಿಂದ ಹಸಿರು ಕಾಣುವವರೆಗೆ ಕತ್ತರಿಸಿ, ಗಾಯಕ್ಕೆ ಗಂಧಕದ ಪುಡಿ ಹಚ್ಚಲಾಯಿತು. ಜನವರಿಯಲ್ಲಿ ಮತ್ತೆ ಕಪ್ಪು ಕಾಣಿಸಿತು. ಈ ಬಾರಿ ಮಣ್ಣಿನ ಮಟ್ಟದಲ್ಲಿ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಲೇಬೇಕು. ಹಿಮದ ಕಪ್ಪು ಆಕಾಶಕ್ಕೆ ಮುಖ ಮಾಡಿದ ತುದಿಯಿಂದ ಕೆಳಕ್ಕೆ ಇಳಿಯುತ್ತದೆ. ಪಿಥಿಯಂ ಎಂಬ ಶಿಲೀಂಧ್ರಸದೃಶ ಜೀವಿಯಿಂದ ಬರುವ ಕಪ್ಪುಕಾಲು ರೋಗ ಮಣ್ಣಿನಿಂದ ಮೇಲಕ್ಕೆ ಹತ್ತುತ್ತದೆ. ಮೊದಲನೆಯದಕ್ಕೆ ತಾಳ್ಮೆ ಮದ್ದು, ಎರಡನೆಯದಕ್ಕೆ ತಡಮಾಡುವಂತಿಲ್ಲ. ಎಲೆಯಿಲ್ಲದ ಗಿಡ ನೀರು ಎಳೆಯುವುದಿಲ್ಲ; ಗೊಬ್ಬರ ತುಂಬಿದ ಆ ಮಣ್ಣು ಅಷ್ಟು ದಿನ ಕಳೆದರೂ ಆರಿರಲಿಲ್ಲ. ಅಂದೇ ಕುಂಡ ಬೋರಲು ಹಾಕಿ ನೋಡಿದಾಗ ಕಾಂಡದ ಬುಡ ಕೆಟ್ಟಿತ್ತು, ಆದರೆ ಬೇರಿನ ಗಡ್ಡೆಗಳಲ್ಲಿ ಹೆಚ್ಚಿನವು ಗಟ್ಟಿಯಾಗಿದ್ದವು. ಮೆತ್ತಗಾದವನ್ನು ಕಿತ್ತು, ಗಟ್ಟಿಯಾದವನ್ನು ತೊಳೆಯದೆ ಗಾಳಿಯಾಡುವ ನೆರಳಿನಲ್ಲಿ ಆರಿಸಿ, ದಪ್ಪ ಮರಳಿಗೆ ಇದ್ದಿಲ ಚೂರು ಮತ್ತು ಒಂದು ಹಿಡಿ ಕೆಮ್ಮಣ್ಣು ಬೆರೆಸಿ ಅದರಲ್ಲಿ ನೆಡಲಾಯಿತು. ಮಾರ್ಚಿನಲ್ಲಿ ಒಂದು ಗಡ್ಡೆಯಿಂದ ಸಣ್ಣ ಚಿಗುರು ಬಂತು. ಮೇ ತಿಂಗಳಲ್ಲಿ ಅದೂ ಉದುರಿತು. ಅಕ್ಕ ಆಸೆ ಬಿಟ್ಟರು. ಆದರೆ ಅದು ಸಾವಲ್ಲ, ಗಿಡ ತನ್ನ ಕಾಲಕ್ಕೆ ಮಲಗಿದ್ದು.

ಅಡುಗೆಮನೆಯ ಗಿಡದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದಕ್ಕೆ ಹಿಮ ತಾಗಲಿಲ್ಲ ನಿಜ, ಆದರೆ ಉತ್ತರದ ಮಂದ ಬೆಳಕು ಮತ್ತು ಒಲೆಯ ಬೆಚ್ಚನೆಯಲ್ಲಿ ಅದರ ಕಾಂಡ ಸೊರಗಿ ಉದ್ದವಾಯಿತು, ಹೂ ಬರಲಿಲ್ಲ. ಚಳಿಯಿಂದ ಕಾಪಾಡುವುದೆಂದರೆ ಮನೆಯೊಳಗೆ ಒಯ್ಯುವುದು ಎಂದು ಭಾವಿಸುವುದು ಈ ಗಿಡದ ಮಟ್ಟಿಗೆ ಸರಿಯಲ್ಲ. ಅದಕ್ಕೆ ತಂಪು ರಾತ್ರಿ ಬೇಕು, ಹಿಮ ಬೇಡ. ಜಗಲಿಯ ಗಿಡ ಫೆಬ್ರುವರಿಯಲ್ಲಿ ಗೊಂಚಲು ಗೊಂಚಲಾಗಿ ಬಿಳಿ ಹೂ ಬಿಟ್ಟು, ಕಂದಿದ ಕೊಂಬೆಯಿಂದಲೂ ಪಕ್ಕದ ಚಿಗುರು ಒಡೆದಿತ್ತು.

ದಕ್ಷಿಣದ ಜಗಲಿ ಚಳಿಗಾಲಕ್ಕಷ್ಟೇ ಅಲ್ಲ, ಇಡೀ ವರ್ಷಕ್ಕೆ ಈ ಗಿಡಕ್ಕೆ ಹೇಳಿಮಾಡಿಸಿದ ಜಾಗ ಎಂಬುದು ಮುಂದಿನ ತಿಂಗಳುಗಳಲ್ಲಿ ತಿಳಿಯಿತು. ಊಟಿ ಇರುವುದು ಸುಮಾರು 11.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ 55 ಡಿಗ್ರಿ ಎತ್ತರದಲ್ಲಿರುವುದರಿಂದ ಬಿಸಿಲು ಸೂರಿನಡಿಗೆ ನುಗ್ಗುತ್ತದೆ. ಜೂನಿನಲ್ಲಿ ಸೂರ್ಯ ನೆತ್ತಿಯನ್ನೂ ದಾಟಿ ಉತ್ತರಕ್ಕೆ ಸರಿಯುವುದರಿಂದ ಅದೇ ಜಗಲಿ ನೆರಳಾಗುತ್ತದೆ. ಎಚ್ಚರವಿರುವಾಗ ಬಿಸಿಲು, ಮಲಗಿರುವಾಗ ನೆರಳು. ನೈಋತ್ಯದ ಎರಚಲು ಮಾತ್ರ ಒಳಕ್ಕೆ ಬರುತ್ತದೆ. ಅದಕ್ಕಾಗಿ ಜೂನ್ ಮೊದಲ ಮಳೆಗೇ ಮೂರೂ ಕುಂಡಗಳನ್ನು ಒಳಗೋಡೆಗೆ ತಾಗಿಸಿ ಎತ್ತರದ ಹಲಗೆಯ ಮೇಲಿಡಲಾಯಿತು. ಆ ಮೂರು ತಿಂಗಳು ತಿಂಗಳಿಗೊಮ್ಮೆ ಬಾಯಿ ಒದ್ದೆಯಾಗುವಷ್ಟು ನೀರು, ಅಷ್ಟೇ. ಸೆಪ್ಟೆಂಬರ್ ಕೊನೆಗೆ, ಮರಳಿನಲ್ಲಿ ನೆಟ್ಟ ಗಡ್ಡೆಗಳಲ್ಲಿ ಮೂರು ಕಡೆ ಎಲೆ ಮೂಡಿತು.

ಮುಂದಿನ ಚಳಿಗಾಲಕ್ಕೆ ಮೂರೂ ಜಗಲಿಯಲ್ಲೇ ಇದ್ದವು. ಅಕ್ಟೋಬರಿನ ನಂತರ ಗೊಬ್ಬರವಿಲ್ಲ. ನೀರು ಬೆಳಿಗ್ಗೆ ಹತ್ತರ ನಂತರ, ಬೆರಳು ಆಳದವರೆಗೆ ಮಣ್ಣು ಆರಿದ್ದರೆ ಮಾತ್ರ. ಆಕಾಶ ತಿಳಿಯಾಗಿ ಗಾಳಿ ನಿಲ್ಲುವ ಲಕ್ಷಣ ಕಂಡರೆ ಆ ವಾರದ ನೀರನ್ನೇ ಬಿಡುವುದು. ಅಂತಹ ಸಂಜೆಗಳಲ್ಲಿ ಭಾವ ಸೂರಿನ ಅಂಚಿನಿಂದ ನೆಲದವರೆಗೆ ಗೋಣಿಯ ಪರದೆ ಇಳಿಬಿಡುತ್ತಾರೆ. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಗಿಡದ ಮೇಲೆ ಹೊದಿಸಬಾರದು ಎಂಬುದನ್ನು ಒತ್ತಿ ಹೇಳಬೇಕು: ಹಾಳೆ ತಾಗಿದ ಎಲೆ ಹಾಳೆಯಷ್ಟೇ ತಣ್ಣಗಾಗುತ್ತದೆ, ಒಳಗೆ ಕಟ್ಟಿದ ಹನಿ ಎಲೆಯ ಮೇಲೇ ಹೆಪ್ಪುಗಟ್ಟುತ್ತದೆ. ಗೋಣಿಯನ್ನೂ ಬಿಸಿಲು ಬಂದು ಗಾಳಿ ಬೆಚ್ಚಗಾದ ಮೇಲೆ ಸರಿಸಲೇಬೇಕು. ಹಗಲೂ ಮುಚ್ಚಿಟ್ಟರೆ ತೇವ ನಿಂತು ಬೂದುಬೂಷ್ಟು ಹಿಡಿಯುತ್ತದೆ. ಆ ಚಳಿಗಾಲದಲ್ಲೂ ಕೆಳಗಿನ ಪಾತಿಗಳ ಅಂಚು ಹಲವು ಸಲ ಬೆಳ್ಳಗಾಯಿತು. ಜಗಲಿಯ ಗಿಡಗಳಲ್ಲಿ ಎಲೆಯ ಅಂಚು ಕಂದಿದ್ದು ಬಿಟ್ಟರೆ ಬೇರೆ ನಷ್ಟವಾಗಲಿಲ್ಲ. ಪಾತಿಗಳಿಗೆ ಭಾವ ಎಂದಿನಂತೆ ಸಂಜೆಯೇ ನೀರು ಕಟ್ಟುತ್ತಾರೆ.

ಈಗ ಅಕ್ಕ ಗಿಡ ಎದ್ದು ಬೆಳೆಯತೊಡಗಿದ ಅಕ್ಟೋಬರಿನಲ್ಲಿ ಎರಡು ಮೂರು ಕಡ್ಡಿ ಕತ್ತರಿಸಿ, ಗಾಯ ಒಣಗಲು ಎರಡು ದಿನ ನೆರಳಿನಲ್ಲಿಟ್ಟು, ಬರಿ ಮರಳಿನಲ್ಲಿ ಊರುತ್ತಾರೆ. ಬೇರು ಬಿಟ್ಟವುಗಳಲ್ಲಿ ಒಂದು ಗುಂಡ್ಲುಪೇಟೆಯ ನೆಂಟರ ಮನೆಗೆ ಹೋಗುತ್ತದೆ. ಅಲ್ಲಿ ಹಿಮದ ಭಯವಿಲ್ಲ, ಆದರೆ ಬಿಸಿಲು ಬೇಗ ಏರುವುದರಿಂದ ಗಿಡ ಊಟಿಗಿಂತ ಮೊದಲೇ ಎಲೆ ಉದುರಿಸುತ್ತದೆ. ಎಲೆ ಹಳದಿಯಾಗತೊಡಗಿದ ಕೂಡಲೇ ಅಲ್ಲಿಯವರು ನೀರು ನಿಲ್ಲಿಸಬೇಕು.